ಹತ್ತನೆಯ ಪಾಸ್‌ವರ್ಡ್

ದೂರು ಬಂದದ್ದು ಡಿಸೆಂಬರ್‌ನ ಒಂದು ಸೋಮವಾರ, ಚನ್ನಗಿರಿ ಠಾಣೆಯ ಕಿಟಕಿಗಳಲ್ಲಿ ಇಬ್ಬನಿ ಇನ್ನೂ ಆರಿರದ ಹೊತ್ತಿನಲ್ಲಿ. ಮೀನು ಸಾಕಣೆ ಕಂಪನಿಯ ಮ್ಯಾನೇಜರ್ ಮಾರುತಿ, ಕಚೇರಿಯ ಬೀರುವಿನಿಂದ ಒಂದು ಮೊಬೈಲ್ ಕಳುವಾಗಿದೆ ಎಂದು ಬರೆದುಕೊಟ್ಟರು. ಹೃದಯಾಘಾತದಿಂದ ತೀರಿಕೊಂಡ ನೌಕರ ಓಂಕಾರ್ ಬಳಸುತ್ತಿದ್ದ ಕಂಪನಿ ಫೋನ್ ಅದು.

“ಸತ್ತೋರ ಫೋನ್ ಪೂರ್ತಿ ಅಳಿಸ್ಬೇಕು, ರೂಲ್ ಐತೆ. ಸಿಕ್ಕರೆ ಸಾಕು ಮೇಡಂ, ಎಫ್‌ಐಆರ್ ಬ್ಯಾಡ.”

“ಕದ್ದೋರು ತೆಗೆದು ನೋಡಬಹುದಾ?” ಇನ್‌ಸ್ಪೆಕ್ಟರ್ ಸುಚಿತ್ರಾ ಕೇಳಿದರು.

“ಆಗಾಕಿಲ್ಲ. ಹತ್ತು ಸಲ ಪಾಸ್‌ವರ್ಡ್ ತಪ್ಪಾದರೆ ತಾನೇ ಅಳಿಸಿಕೊಂತೈತೆ.”

ಕಚೇರಿಯಲ್ಲಿ ಬೀರು ಒಡೆದಿರಲಿಲ್ಲ. ಕೀಲಿ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು. ಪಾಸ್‌ವರ್ಡಿಗೆ ಅಷ್ಟೊಂದು ಕಾವಲಿಟ್ಟ ಕಂಪನಿ, ಬೀರುವನ್ನು ದೇವರ ಮೇಲೆ ಭಾರ ಹಾಕಿ ಬಿಟ್ಟಿತ್ತು.

“ಹೊರಗಿನೋರು ಯಾರು ಬಂದಿದ್ರು?” ಸುಚಿತ್ರಾ ಓಂಕಾರ್‌ನ ಸಹೋದ್ಯೋಗಿ ಅಂಬಿಕಾಳನ್ನು ಕೇಳಿದರು.

“ಶನಿವಾರ ಅವ್ರ ಹೆಂಡ್ತಿ ನೇತ್ರಾವತಿ. ಊಟದ ಡಬ್ಬಿ ತಗೊಂಡು ಹೋಗಾಕೆ.”

“ಓಂಕಾರ್ ಪಾಸ್‌ವರ್ಡ್ ಗೊತ್ತಾ?”

“ತಿಂಗಳಿಗೊಂದ್ಸಲ ಬದಲಾಯಿಸ್ಬೇಕು ಅಂತ ರೂಲ್, ಹೊಸಾದು ಎಲ್ಲಿಂದ ತರಾನ ಮೇಡಂ? ಎಲ್ಲಾರೂ ಸರತಿ ಮೇಲೆ ಊರ ಹೆಸ್ರೇ ಹಾಕ್ತಿದ್ವಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಅವ್ರು ತೀರಿಕೊಂಡ ತಿಂಗಳು ಜಗಳೂರಿತ್ತು.”

ಮಾರುತಿಯನ್ನೂ ಅಂಬಿಕಾಳನ್ನೂ ಕೂರಿಸಿಕೊಂಡು ನೇತ್ರಾವತಿಯನ್ನು ಹುಡುಕಿ ಹೊರಟ ಜೀಪು ಸೂಳೆಕೆರೆಯ ಏರಿ ಮೇಲೆ ನಿಂತಾಗ ನೀರೆಲ್ಲಿ ಮುಗಿದು ಆಕಾಶವೆಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಮಂಜಿನೊಳಗೆ ಒಂದು ತೆಪ್ಪ ನೀರು ಬಿಟ್ಟು ಗಾಳಿಯಲ್ಲಿ ತೇಲುತ್ತಿರುವಂತೆ ಕಂಡಿತು. ಕಲ್ಲಿನ ಮೇಲೆ ಕೂತಿದ್ದ ನೇತ್ರಾವತಿ, ಕೇಳುವ ಮೊದಲೇ ಸೆರಗಿನಿಂದ ಫೋನ್ ತೆಗೆದಳು.

“ನಮ್ಮನೆಯೋರು ದಿನಾ ಇಲ್ಲೇ ನಿಂತು ಕೆರೆ ವರದಿ ಮಾತಾಡಿ ಇದ್ರಾಗೆ ಇಡೋರು. ಅವ್ರ ದನಿ ಬೇರೆಲ್ಲೂ ಇಲ್ರಿ. ಕೇಳಿದ್ರೆ ಕಂಪನಿಯೋರು ಕೊಡಲಿಲ್ಲ.”

“ಪಾಸ್‌ವರ್ಡ್ ಎಷ್ಟು ಸಲ ಹಾಕಿ ನೋಡಿದಿರಿ?”

“ಒಂಬತ್ತು. ನನ್ನ ಹೆಸ್ರು ಹಾಕಿದೆ, ಮಗಳದು ಹಾಕಿದೆ. ತಗೀಲಿಲ್ಲ. ಯಾರ ಹೆಸ್ರು ಇಟ್ಟಿದ್ರೋ.” ಸಾವಿಗಿಂತ ಈ ಅನುಮಾನವೇ ಅವಳನ್ನು ಹೆಚ್ಚು ಬಳಲಿಸಿತ್ತು.

ಮಾರುತಿ ಕೈ ಚಾಚಿದರು. “ಫೋನ್ ಕೊಟ್ಬಿಡಮ್ಮ. ಕೇಸಿಲ್ಲ, ಏನಿಲ್ಲ. ಮನೆಗೆ ಹೋಗು.”

“ಆಮೇಲೆ ಅಳಿಸ್ತೀರಾ?”

“ಅಳಿಸ್ಲೇಬೇಕು.”

ನೇತ್ರಾವತಿ ಸುಚಿತ್ರಾ ಕಡೆ ತಿರುಗಿದಳು. “ಕೇಸಾದ್ರೆ?”

“ಫೋನ್ ಮುದ್ದೆಮಾಲು ಆಗುತ್ತೆ, ಕೇಸಿನ ಸಾಕ್ಷಿ. ಕೋರ್ಟ್ ಹೇಳೋವರೆಗೂ ಯಾರೂ ಅಳಿಸೋ ಹಾಗಿಲ್ಲ. ಆದರೆ ನಿಮ್ಮನ್ನ ಬಂಧಿಸಬೇಕಾಗುತ್ತೆ.”

“ಬಂಧಿಸ್ರಿ.”

ಮಾರುತಿ ಬರೆದುಕೊಟ್ಟಿದ್ದ ದೂರಿನ ಮೇಲೆ, ಸುಚಿತ್ರಾ ಫೋನ್ ಮಾಡಿ ಹೇಳಿದಂತೆ, ಠಾಣೆಯಲ್ಲಿ ಎಫ್‌ಐಆರ್ ದಾಖಲಾಯಿತು. ಇಬ್ಬರು ಬೆಸ್ತರು ಪಂಚರಾದರು. ಕಾನ್‌ಸ್ಟೆಬಲ್ ಕೆಂಚೇಶ್ ಏರಿ ಮೇಲೆಯೇ ಪಂಚನಾಮೆ ಬರೆಯತೊಡಗಿದ. ವಸ್ತುವಿನ ಗುರುತಿಗಾಗಿ ಫೋನ್ ತೆರೆಯಬೇಕೆಂದು ಸುಚಿತ್ರಾ ಹೇಳಿದಾಗ ನೇತ್ರಾವತಿ ಕಣ್ಣು ಮುಚ್ಚಿಕೊಂಡಳು. ಉಳಿದಿದ್ದದ್ದು ಒಂದೇ ಸಲ.

“ಅವರು ಯಾರ ಹೆಸರೂ ಇಟ್ಟಿರಲಿಲ್ಲ,” ಎಂದರು ಸುಚಿತ್ರಾ. “ಊರಿನ ಹೆಸರು, ಅಷ್ಟೇ.”

ಅಂಬಿಕಾ ಜಗಳೂರು ಎಂದು ಒತ್ತಿದಳು. ತೆರೆಯಿತು. ಕೊನೆಯ ವರದಿ ಮಂಜಿನೊಳಕ್ಕೆ ಮಾತಾಡಿತು: “ನೀರು ತಿಳಿ ಐತೆ. ಮಂಜಿಗೆ ಆಚೆ ದಂಡೆ ಕಾಣ್ತಿಲ್ಲ. ನೇತ್ರಾವತಿ ಜತೆಗೆ ಬಂದಾಳೆ, ಚಳಿಗೆ ನಡುಗಾಕೆ ಹತ್ಯಾಳೆ. ಇವತ್ತಿಗಿಷ್ಟು ಸಾಕು.”

ಆರೋಪಿಯು ತನ್ನ ಗಂಡನ ದನಿಗಾಗಿ ಕದ್ದಳು ಎಂದು ಕೆಂಚೇಶ್ ಬರೆದ. ನೇತ್ರಾವತಿ ಕೆಳಗೆ ಸಹಿ ಹಾಕಿ, ಜೀಪು ಹತ್ತುವ ಮುಂಚೆ ಆ ವರದಿ ಇನ್ನೊಂದು ಸಲ ಹಾಕಿ ಎಂದು ಕೇಳಿದಳು. ಸುಚಿತ್ರಾ ಹಾಕಿದರು.