ದುರ್ಗಮ್ಮನ ಮುಡಿ

“ಕಥೆ ಓದಿದ್ರೆ ಗಾಯ ಮಾಯುತ್ತೇನ್ರೀ?”

ಹೊಸ ಡಾಕ್ಟರು ನರಸಿಂಹಮೂರ್ತಿ ಬಾಗಿಲಲ್ಲೇ ನಿಂತು ಕೇಳಿದಾಗ ಉಮಾಮಹೇಶ್ವರಿಯ ಮುಖ ಕೆಂಪಾಯಿತು. ದಾದಿ ತರಬೇತಿಯ ಹುಡುಗಿಯರು ಕಿಸಕ್ಕನೆ ನಕ್ಕರು.

ಅದು ಸಾವಿರದ ಒಂಬೈನೂರ ಮೂವತ್ತೊಂಬತ್ತು. ಶಿವಮೊಗ್ಗದಲ್ಲಿ ಕನ್ನಡ ಟೀಚರಾಗಿದ್ದ ಉಮಾ, ಪ್ರತಿ ಶನಿವಾರ ರೈಲು ಹತ್ತಿ ಭದ್ರಾವತಿಯ ಖಾಸಗಿ ಆಸ್ಪತ್ರೆಯೊಂದಕ್ಕೆ ಬರುತ್ತಿದ್ದಳು. ಕಥೆ, ಲಾವಣಿ, ಹೆಂಗಸರ ಹಾಡು ಓದಿಸಿ, “ಈಕೆ ಯಾಕೆ ಅತ್ತಳು? ನೀವಾಗಿದ್ರೆ ಏನು ಕೇಳ್ತಿದ್ರಿ?” ಎಂದು ಹುಡುಗಿಯರನ್ನು ಕೆಣಕುತ್ತಿದ್ದಳು.

“ಗಾಯ ಮಾಯಲ್ಲ ಡಾಕ್ಟ್ರೇ. ಗಾಯ ಆದೋರು ಕಾಣಿಸ್ತಾರೆ.”

ಆ ಉತ್ತರಕ್ಕೇ ಮರುಳಾದನೋ ಏನೋ, ಮಹಾರಾಯ! ಮುಂದಿನ ವಾರದಿಂದ ಅವಳನ್ನು ಸ್ಟೇಷನ್ನಿಗೆ ಬಿಡಲು ಅವನೇ ಬರತೊಡಗಿದ. ಆರು ತಿಂಗಳಲ್ಲಿ ನಿಶ್ಚಿತಾರ್ಥವೂ ಆಯಿತು. ಉಮಾಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆಮೇಲೊಂದು ಶನಿವಾರ ಬಂದರೆ ತರಗತಿಗೆ ಬೀಗ!

“ಅಂಗರಚನೆ ಪಾಠಕ್ಕೇ ಟೈಮಿಲ್ಲ ಉಮಾ, ನಾನೇ ನಿಲ್ಲಿಸ್ದೆ. ಮದುವೆ ಆದ್ಮೇಲೆ ನನಗೊಬ್ಬನಿಗೇ ಓದಿ ಹೇಳುವೆಯಂತೆ,” ಎಂದು ನಕ್ಕ.

‘ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ...’ ಅವಳು ಅಳು ನುಂಗಿಕೊಂಡು ರೈಲು ಹತ್ತಿದಳು.

ಅದೇ ವಾರ ಕಾರ್ಖಾನೆಯ ಕೂಲಿ ಚೌಡಪ್ಪನ ಹೆಂಡತಿ ದುರ್ಗಮ್ಮ ಬಿದ್ದು ತಲೆ ಒಡೆದುಕೊಂಡು ಆಸ್ಪತ್ರೆಗೆ ಬಂದಳು. ಹೊಲಿಗೆ ಹಾಕಬೇಕಿತ್ತು.

“ತಲೆ ಬೋಳಿಸಿ.”

“ಬ್ಯಾಡ ಸ್ವಾಮಿ! ಕೂದ್ಲು ಮುಟ್ಬ್ಯಾಡಿ!”

“ಕೂದಲು ಮತ್ತೆ ಬೆಳೆಯುತ್ತಮ್ಮ,” ಎಂದ ನರಸಿಂಹಮೂರ್ತಿ. ಯಾಕೆ ಬೇಡ ಎಂದು ಒಬ್ಬರೂ ಕೇಳಲಿಲ್ಲ. ನಾಲ್ವರು ದಾದಿಯರು ಅದುಮಿ ಹಿಡಿದು ಬೋಳಿಸಿ, ಕೂದಲನ್ನು ಕಸಕ್ಕೆ ಎಸೆದರು.

ಗಂಡ ಜ್ವರದಿಂದ ಉಳಿದದ್ದಕ್ಕೆ ಮನೆದೇವರಿಗೆ ಹರಕೆ ಹೊತ್ತು ಕಾಯ್ದಿಟ್ಟ ಮುಡಿ ಅದು. ಮರುದಿನವೇ ಅವಳು ಮನೆಗೆ ಓಡಿಹೋದಳು. ಯಾರು ಕರೆದರೂ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಗಾಯ ಕೀವಾಗಿ ಹತ್ತನೇ ದಿನ ತೀರಿಕೊಂಡಳು.

ಸುದ್ದಿ ತಿಳಿದ ಉಮಾ ಈ ಸಂಬಂಧ ಬೇಡವೆಂದು ಹೇಳಿ ಕಳಿಸಿದಳು.

ಎರಡು ತಿಂಗಳ ಮೇಲೆ ನರಸಿಂಹಮೂರ್ತಿ ಅವಳ ಶಾಲೆಯ ಜಗಲಿಯಲ್ಲಿ ಬಂದು ಕೂತಿದ್ದ. ಅರ್ಧ ಇಳಿದುಹೋಗಿದ್ದ.

“ಚೌಡಪ್ಪನ ಮನೆಗೆ ಹೋಗಿದ್ದೆ. ‘ಕೂದ್ಲನ್ನ ಒಂದು ಬಟ್ಟೇಲಿ ಕಟ್ಟಿ ಕೊಟ್ಟಿದ್ರೆ ನಾನೇ ದೇವ್ರಿಗೆ ಒಪ್ಪಿಸ್ತಿದ್ದೆ ಸ್ವಾಮಿ’ ಅಂದ. ಅಷ್ಟೇ ಉಮಾ... ಒಂದು ಬಟ್ಟೆ!”

ಅವಳಿಗೆ ಮರುಕ ಬಂತು, ಸಿಟ್ಟು ಮಾತ್ರ ಹೋಗಲಿಲ್ಲ.

“ಕ್ಲಾಸಿಗೆ ಬೀಗ ಬಿದ್ದ ದಿನ ನಾನೂ ಜಗಳ ಆಡ್ಬೇಕಿತ್ತು. ಮದುವೆ ತಪ್ಪೀತು ಅಂತ ಬಾಯಿ ಮುಚ್ಕೊಂಡೆ.”

“ಕ್ಲಾಸು ಮತ್ತೆ ಶುರು ಮಾಡಿಸ್ತಿದೀನಿ. ಬರ್ತೀಯಾ?”

“ಬರ್ತೀನಿ. ಮೊದಲು ದುರ್ಗಮ್ಮನ ಕಥೇನೇ ಹೇಳ್ತೀನಿ. ನಿಮ್ಮ ಹೆಸರು, ನನ್ನ ಹೆಸರು ಎರಡೂ ಹೇಳ್ತೀನಿ. ನೀವು ಎದುರಿಗೇ ಕೂತಿರ್ಬೇಕು.”

“ಕೂರ್ತೀನಿ.”

“ಹೊಸ ಹುಡುಗೀರು ಬಂದಾಗಲೆಲ್ಲ.”

“ಬದುಕಿರೋವರೆಗೂ...” ಅವನು ತಲೆ ಎತ್ತಿದ. “ನನ್ನ ಜೊತೆ ಬಾಳೋಕೆ ನಿನ್ನ ಕೈಲಾಗುತ್ತಾ ಉಮಾ?”

“ಗೊತ್ತಿಲ್ಲ ಕಣ್ರೀ,” ಎಂದು ಅವಳು ಅವನ ಕೈ ಹಿಡಿದುಕೊಂಡಳು. “ನೀವಿಲ್ಲದೆ ಆಗಲ್ಲ ಅನ್ನೋದು ಮಾತ್ರ ಈ ಎರಡು ತಿಂಗಳಲ್ಲಿ ಗೊತ್ತಾಯ್ತು.”