ಸರ್ವರ್‌ಗೆ ಪೂಜೆ ಮಾಡಿದ ಮೇಲೆ

ಲಿಖಿತಾಳಿಗೆ ಸ್ವಂತ ಫೋನ್ ಇರಲಿಲ್ಲ.

ಅಮ್ಮನಿಗಿತ್ತು. ಆದರೆ ಅದು ಬೆಳಿಗ್ಗೆ ಅಮ್ಮನ ಜೊತೆ ಜಯನಗರದ ಸೀರೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಿತ್ತು. ರಾತ್ರಿ ಅಮ್ಮ, ಫೋನು ಇಬ್ಬರೂ ಚಾರ್ಜ್ ಮುಗಿದೇ ಮನೆಗೆ ಬರುತ್ತಿದ್ದರು.

ಇದನ್ನೆಲ್ಲ ಆರನೇ ಕ್ಲಾಸಿನ ಮುಂದೆ ನಿಂತು ಹೇಳುವ ಮನಸ್ಸು ಅವಳಿಗಿರಲಿಲ್ಲ.

"ಇಪ್ಪತ್ತೆಂಟು ಜನದ್ದು ಅಪ್‌ಲೋಡ್ ಆಗಿದೆ. ನಿಂದೊಂದು ಬಿಟ್ಟು," ಎಂದರು ಶಶಿಕಾಂತ್ ಸಾರ್. ಅವರು ಕಂಪ್ಯೂಟರ್ ಮೇಷ್ಟ್ರು. ಶಾಲೆಯ ವೆಬ್‌ಸೈಟ್ ಮಾಡಿದವರೂ ಅವರೇ. "ಏನಮ್ಮಾ ಪ್ರಾಬ್ಲಂ?"

"ಲಾಗಿನ್ ಆಗ್ತಿಲ್ಲ ಸಾರ್."

"ಮೊನ್ನೆ ತಾನೇ ಹೊಸ ಪಾಸ್‌ವರ್ಡ್ ಕೊಟ್ನಲ್ಲ. ಅದನ್ನೂ ಮರೆತ್ಯಾ?"

"ಮರೆತಿಲ್ಲ ಸಾರ್. ಟೈಪ್ ಮಾಡಿ ಒತ್ತಿದ್ರೆ ತಿರುಗಿ ಅದೇ ಲಾಗಿನ್ ಪೇಜ್ ಬರುತ್ತೆ."

"ಎಲ್ಲರಿಗೂ ಓಪನ್ ಆಗೋದು ನಿನಗೊಬ್ಬಳಿಗೆ ಆಗಲ್ವಾ? ವೆಬ್‌ಸೈಟಿಗೇನು ನಿನ್ ಮೇಲೆ ಕೋಪಾನಾ?"

ಕ್ಲಾಸು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಸುಮನ್. ಅವನು ಅವಳ ಬೀದಿಯವನೇ, ಸ್ನೇಹಿತನೇ. ಆದರೂ ನಕ್ಕ.

"'ಸಾರಿ ಸಾರ್, ಮರೆತೆ' ಅನ್ನು. ಇನ್ನೊಂದು ಪಾಸ್‌ವರ್ಡ್ ಕೊಡ್ತೀನಿ," ಎಂದರು ಸಾರ್.

ಅಂದುಬಿಟ್ಟಿದ್ದರೆ ಕೂತುಕೊಳ್ಳಬಹುದಿತ್ತು.

"ಮರೆತಿದ್ರೆ ಅಂತಿದ್ದೆ ಸಾರ್. ಮರೆತಿಲ್ಲ."

"ಹಂಗಾದ್ರೆ ನಿಂತಿರು."

ಬೆಲ್ ಹೊಡೆಯುವವರೆಗೂ ನಿಂತಳು. ಒಂದು ಕಾಲು ಜೋಮು ಹಿಡಿಯಿತು. ಕಾಲು ಬದಲಿಸಿದರೆ ಸಾರ್‌ಗೆ ಕಾಣುತ್ತದೆಂದು ಬದಲಿಸಲೂ ಇಲ್ಲ.

ದಸರಾ ರಜೆಯಲ್ಲಿ ಮಾಡಿದ ಪ್ರಾಜೆಕ್ಟ್ ಅದು. ಎಲ್ಲವನ್ನೂ ನೋಡಿ ಎರಡನ್ನು ಮಾತ್ರ ಜಯನಗರದಲ್ಲಿ ನಡೆಯುವ ವಿಜ್ಞಾನ ಪ್ರದರ್ಶನಕ್ಕೆ ಕಳಿಸುತ್ತಾರೆ. ಅಪ್‌ಲೋಡ್ ಮಾಡಲು ನಾಳೆ ಸಂಜೆಯೇ ಕೊನೆ.

ಯಡಿಯೂರಿನಲ್ಲಿ ಲಿಖಿತಾಳ ಮನೆಯ ಹಿಂದೆ ದೊಡ್ಡ ಮೋರಿಯೊಂದಿದೆ. ಅದರ ಗೋಡೆಗೆ ಅವಳು ಬಣ್ಣದಲ್ಲಿ ಗೆರೆ ಎಳೆದಿದ್ದಳು. ಮಳೆ ಬಂದಾಗಲೆಲ್ಲ ಅಮ್ಮ ಕೆಲಸಕ್ಕೆ ಹೊರಡುವ ಮುಂಚೆ ಫೋನ್ ಕಸಿದುಕೊಂಡು, ನೀರು ಯಾವ ಗೆರೆ ಮುಟ್ಟಿದೆ ಎಂದು ಫೋಟೊ ತೆಗೆದಿದ್ದಳು. ಒಂದು ಸಲ ಜಾರಿ ಮೊಣಕಾಲು ತರಚಿಕೊಂಡಿದ್ದಳು. ಆ ಫೋಟೊಗಳೆಲ್ಲ ಈಗ ಪೆನ್‌ಡ್ರೈವ್‌ನಲ್ಲಿ ಸುಮ್ಮನೆ ಕೂತಿದ್ದವು.

ಸಂಜೆ ಅವಳು ಶಾಲಿನಿ ಅಕ್ಕನ ಜೆರಾಕ್ಸ್ ಅಂಗಡಿಗೆ ಹೋದಳು. ಅಲ್ಲಿನ ಕಂಪ್ಯೂಟರೇ ಅವಳಿಗೆ ಗತಿ.

"ಮತ್ತೆ ಬಂದ್ಯಾ? ಕಸ್ಟಮರ್ ಬಂದ್ರೆ ಎದ್ದೇಳ್ಬೇಕು, ನೋಡು," ಎಂದಳು ಶಾಲಿನಿ ಅಕ್ಕ.

ಲಿಖಿತಾ ಪಾಸ್‌ವರ್ಡ್ ಹಾಕಿದಳು. ಮತ್ತೆ ಲಾಗಿನ್ ಪೇಜ್. ಸಿಟ್ಟಿನಲ್ಲಿ ಕೈಗೆ ಬಂದಂತೆ ಏನೇನೋ ಟೈಪ್ ಮಾಡಿದಳು. ಈಗ 'ಪಾಸ್‌ವರ್ಡ್ ತಪ್ಪು' ಎಂದು ಕೆಂಪು ಅಕ್ಷರ ಬಂತು.

ಅವಳ ಬೆರಳು ನಿಂತಿತು. ತಪ್ಪಾದರೆ ಕೆಂಪು ಅಕ್ಷರ ಬರುತ್ತದೆ. ಮೊದಲು ಬಂದಿರಲಿಲ್ಲ. ಅಂದರೆ ಅವಳ ಪಾಸ್‌ವರ್ಡ್ ಸರಿಯಾಗಿಯೇ ಇದೆ. ವೆಬ್‌ಸೈಟ್ ಒಳಗೆ ಬಿಟ್ಟುಕೊಂಡು ತಕ್ಷಣ ಹೊರಗೆ ಹಾಕುತ್ತಿದೆ.

ಅಷ್ಟರಲ್ಲಿ ಸುಮನ್ ಬಣ್ಣದ ಪೇಪರ್ ಕೊಳ್ಳಲು ಬಂದ.

"ಇನ್ನೂ ನೆನಪಾಗ್ಲಿಲ್ವಾ?"

"ಹಲ್ಲು ಕಿರೀಬೇಡ. ನಿನ್ ಫೋನಲ್ಲಿ ಹೆಂಗೆ ಓಪನ್ ಆಗುತ್ತೆ ತೋರ್ಸು."

ಸುಮನ್ ತೋರಿಸಿದ. ಒತ್ತಿದ ಕೂಡಲೇ ಪೇಜ್ ತೆರೆಯಿತು. ಅವನ ಪ್ರಾಜೆಕ್ಟ್ ಒಂದು ವಿಡಿಯೊ. ಯಡಿಯೂರು ಕೆರೆಯಲ್ಲಿ ಮಿಂಚುಳ್ಳಿ ಬಾಣದ ಹಾಗೆ ನೀರಿಗೆ ಬಿದ್ದು ಮೀನು ಹಿಡಿದು ಏಳುತ್ತದೆ. ಲಿಖಿತಾ ಎರಡು ಸಲ ನೋಡಿದಳು. ಸಖತ್ತಾಗಿತ್ತು. ಅವನಿಗೆ ಹೇಳಲಿಲ್ಲ.

"ಪಾಸ್‌ವರ್ಡೇ ಹಾಕಲಿಲ್ವಲ್ಲೋ?"

"ಯಾಕೆ ಹಾಕ್ಬೇಕು? ಶಾಲೆ ಶುರುವಾದಾಗ ಒಂದ್ಸಲ ಲಾಗಿನ್ ಆದೆ. ಲಾಗ್‌ಔಟೇ ಮಾಡಿಲ್ಲ. ಯಾರು ಮಾಡ್ತಾರೆ?"

"ನಾನು ಮಾಡ್ತೀನಿ. ಅಂಗಡಿ ಕಂಪ್ಯೂಟರಲ್ಲಿ ದಿನಾ ಲಾಗ್‌ಔಟ್ ಮಾಡ್ಬೇಕು ಅಂತ ಸಾರೇ ಹೇಳಿದ್ದು."

ಆಗ ವಿಡಿಯೊದ ಕೆಳಗಿನ ಸಾಲು ಅವಳ ಕಣ್ಣಿಗೆ ಬಿತ್ತು. ಸಲ್ಲಿಸಿದ ದಿನ: ಜನವರಿ 9, 2009.

"ಲೋ ಸುಮನ್, ನೀನು ಹುಟ್ಟಿದ್ದು ಯಾವಾಗ?"

"2014. ಯಾಕೆ?"

"ಹುಟ್ಟೋಕೆ ಐದು ವರ್ಷ ಮುಂಚೆನೇ ಪ್ರಾಜೆಕ್ಟ್ ಸಬ್ಮಿಟ್ ಮಾಡಿದ್ದೀಯ, ನೋಡು."

ಶಾಲಿನಿ ಅಕ್ಕ ಜೆರಾಕ್ಸ್ ಬಿಟ್ಟು ಬಂದು ನೋಡಿ ನಕ್ಕಳು. ಲಿಖಿತಾ ನಗಲಿಲ್ಲ.

"ಒಂದ್ಸಲ ಲಾಗ್‌ಔಟ್ ಮಾಡಿ ಮತ್ತೆ ಲಾಗಿನ್ ಆಗೋ."

ಸುಮನ್ ಫೋನನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. "ಏ ಹೋಗೇ! ಆಮೇಲೆ ನಾನೂ ನಿನ್ ಪಕ್ಕ ನಿಂತ್ಕೋಬೇಕಾ?"

ಮಾರನೆಯ ದಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸಾರ್ ಕೇಳುವ ಮೊದಲೇ ಲಿಖಿತಾ ಎದ್ದು ನಿಂತಳು.

"ಸಾರ್, ನೀವೊಂದ್ಸಲ ಲಾಗ್‌ಔಟ್ ಮಾಡಿ."

"ಏನು?"

"ನಿಮ್ ಕಂಪ್ಯೂಟರಲ್ಲಿ ಲಾಗ್‌ಔಟ್ ಮಾಡಿ ಮತ್ತೆ ಲಾಗಿನ್ ಆಗಿ ಸಾರ್. ಲಾಗಿನ್ ಆದ್ರೆ ಎಲ್ಲರ ಮುಂದೆ ಸಾರಿ ಕೇಳ್ತೀನಿ. ಆಗ್ಲಿಲ್ಲ ಅಂದ್ರೆ ನಾನು ಮರೆತಿಲ್ಲ ಅಂತ ನೀವು ಹೇಳ್ಬೇಕು."

ಮೇಷ್ಟ್ರಿಗೆ ಹೀಗೆ ಷರತ್ತು ಹಾಕಿದವರನ್ನು ಆ ಕ್ಲಾಸು ನೋಡಿರಲಿಲ್ಲ.

"ಬಾಯಿ ಜಾಸ್ತಿ ಆಯ್ತು ನಿಂದು," ಎಂದರು ಸಾರ್. ಆದರೂ ಲಾಗ್‌ಔಟ್ ಮಾಡಿದರು. ಪಾಸ್‌ವರ್ಡ್ ಹಾಕಿ ಒತ್ತಿದರು.

ಲಾಗಿನ್ ಪೇಜ್ ಬಂತು.

ಕನ್ನಡಕ ಒರೆಸಿಕೊಂಡು ಮತ್ತೆ ಹಾಕಿದರು. ಮತ್ತೆ ಅದೇ. ಮೂರನೆಯ ಸಲ ಒಂದೊಂದೇ ಅಕ್ಷರ ಒತ್ತಿದರು.

"ಸಾರಿ, ಮರೆತೆ ಅನ್ನಿ ಸಾರ್," ಎಂದು ಹಿಂದಿನ ಬೆಂಚಿನಿಂದ ಸುಮನ್ ಪಿಸುಗುಟ್ಟಿದ. ಪಿಸುಮಾತು ಇಡೀ ಲ್ಯಾಬಿಗೆ ಕೇಳಿಸಿತು.

ಸಾರ್ ಅವನತ್ತ ತಿರುಗಲಿಲ್ಲ.

"ತಾರೀಕು ನೋಡಿ ಸಾರ್. ಸುಮನ್‌ದು 2009 ಅಂತ ತೋರಿಸ್ತಿದೆ," ಎಂದಳು ಲಿಖಿತಾ.

ಸಾರ್ ಎದ್ದು ಮೂಲೆಗೆ ಹೋದರು. ಅಲ್ಲಿ ಹಳೆಯ ಕಪ್ಪು ಡಬ್ಬದಂಥ ಕಂಪ್ಯೂಟರ್ ಇತ್ತು. ಶಾಲೆಯ ವೆಬ್‌ಸೈಟ್ ಇದ್ದದ್ದು ಅದರಲ್ಲೇ. ಅದೇ ಸರ್ವರ್. 'ಆಫ್ ಮಾಡಬಾರದು' ಎಂದು ಮೇಲೆ ಚೀಟಿ ಅಂಟಿಸಿದ್ದರು. ವರ್ಷಗಟ್ಟಲೆ ಯಾರೂ ಮಾಡಿರಲಿಲ್ಲ. ಈಗ ಚೀಟಿಯ ಪಕ್ಕದಲ್ಲಿ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಒಣಗಿದ ಚೆಂಡುಹೂವು.

"ಆಯುಧಪೂಜೆ," ಎಂದು ಸಾರ್ ತಮ್ಮಷ್ಟಕ್ಕೆ ಹೇಳಿಕೊಂಡರು. "ಒರೆಸಿ ಪೂಜೆ ಮಾಡೋಕೆ ಅಂತ ಆಫ್ ಮಾಡಿದ್ವಿ."

ಸರ್ವರ್ ಒಳಗೆ ಗಡಿಯಾರಕ್ಕೆಂದೇ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಅದು ಯಾವತ್ತೋ ಸತ್ತಿತ್ತು. ಕರೆಂಟ್ ಇರುವವರೆಗೆ ಗೊತ್ತಾಗಲಿಲ್ಲ. ಪೂಜೆ ಮುಗಿಸಿ ಆನ್ ಮಾಡಿದಾಗ ಸರ್ವರ್, ತನ್ನನ್ನು ತಯಾರಿಸಿದ 2009ರಲ್ಲಿ ಎದ್ದಿತ್ತು.

"ಲಾಗಿನ್ ಅಂದ್ರೆ ಬಸ್ ಪಾಸ್ ಇದ್ದಂಗೆ," ಎಂದು ಸಾರ್ ಕ್ಲಾಸಿಗೆ ಹೇಳಿದರು. ದನಿ ಇಳಿದಿತ್ತು. "ಇಂಥ ತಾರೀಕಿನವರೆಗೆ ನಡೆಯುತ್ತೆ ಅಂತ ಸರ್ವರ್ ಬರೆದುಕೊಡುತ್ತೆ. ಪೂಜೆ ಆದ್ಮೇಲೆ 2009ರ ಪಾಸ್ ಕೊಡ್ತಿದೆ. ಕೈಗೆ ಬರೋ ಹೊತ್ತಿಗೇ ಅದು ಹಳೇದು. ಮುಂಚೆ ಪಾಸ್ ತಗೊಂಡು ಲಾಗ್‌ಔಟ್ ಮಾಡ್ದೇ ಇದ್ದೋರಿಗೆ ನಡೀತಿದೆ."

ಅಂದರೆ ಸಾರ್ ಹೇಳಿದಂತೆ ಕೇಳಿದವಳು ಮಾತ್ರ ಹೊರಗುಳಿದಿದ್ದಳು.

ಸಾರ್ ತಾರೀಕು ಸರಿಮಾಡಿದರು. ಲಿಖಿತಾ ಅವರ ಕಂಪ್ಯೂಟರಿನಲ್ಲೇ ಲಾಗಿನ್ ಆದಳು. ಪೇಜ್ ತೆರೆಯಿತು. ಮೋರಿಯ ಫೋಟೊಗಳೆಲ್ಲ ಒಂದೊಂದಾಗಿ ಹೋದವು.

ಅವಳು ಅಲ್ಲೇ ನಿಂತಿದ್ದಳು, ಷರತ್ತಿನ ಮಾತಿಗಾಗಿ. ಅಷ್ಟರಲ್ಲಿ ಬೆಲ್ ಹೊಡೆಯಿತು. ಸಾರ್ ಹೊರಟುಹೋದರು.

ಮಾರನೆಯ ದಿನ ಶಶಿಕಾಂತ್ ಸಾರ್ ಹಾಜರಿ ಕೂಡ ಕರೆಯಲಿಲ್ಲ.

"ನಿಮ್ ಪ್ರಾಜೆಕ್ಟ್‌ಗಳು ಡಿಲೀಟ್ ಆಗಿವೆ," ಎಂದರು.

ಜಾಗ ಉಳಿಯಲಿ ಎಂದು ಅವರೇ ಹಿಂದೊಮ್ಮೆ ಸರ್ವರ್‌ಗೆ ಒಂದು ಕೆಲಸ ಹಚ್ಚಿದ್ದರು. ವರ್ಷಕ್ಕಿಂತ ಹಳೆಯ ಫೈಲುಗಳನ್ನು ದಿನಾ ಹುಡುಕಿ ಅಳಿಸುವ ಕೆಲಸ. ತಾರೀಕು ಸರಿಯಾದ ಕೂಡಲೇ, 2009 ಎಂದು ಮುದ್ರೆ ಬಿದ್ದಿದ್ದ ಪ್ರಾಜೆಕ್ಟ್‌ಗಳೆಲ್ಲ ಅದರ ಲೆಕ್ಕದಲ್ಲಿ ಓಬೀರಾಯನ ಕಾಲದವಾದವು. ಅಳಿಸಿಹಾಕಿತು. ತಾರೀಕು ಸರಿಯಾದ ಮೇಲೆ ಹಾಕಿದ ಲಿಖಿತಾಳದ್ದೊಂದೇ ಉಳಿಯಿತು.

"ಬ್ಯಾಕಪ್ ಸಾರ್?" ಎಂದು ಯಾರೋ ಕೇಳಿದರು.

"ಇರೋದು ರಜೆಗೆ ಮುಂಚಿನದು. ಇವತ್ತು ಸಂಜೆವರೆಗೂ ಟೈಮ್ ಕೊಡ್ತೀನಿ. ಫೋನಲ್ಲಿ ಇಟ್ಕೊಂಡಿರೋರು ಮತ್ತೆ ಹಾಕಿ."

ಸುಮನ್ ನಿಧಾನಕ್ಕೆ ಎದ್ದ. "ನನ್ ಹತ್ರ ಇಲ್ಲ ಸಾರ್. ಸ್ಟೋರೇಜ್ ಫುಲ್ ಆಗಿತ್ತು. ಅಪ್‌ಲೋಡ್ ಆಯ್ತಲ್ಲ ಅಂತ ತೆಗೆದುಬಿಟ್ಟೆ." ಆಮೇಲೆ ಲಿಖಿತಾಳ ಕಡೆ ತಿರುಗಿದ. "ಸುಮ್ನೆ ಸಾರಿ ಅಂದಿದ್ರೆ ನಿನ್ ಗಂಟೇನು ಹೋಗ್ತಿತ್ತು?"

"ಮರೆತಿರ್ಲಿಲ್ಲ ಕಣೋ," ಎಂದಳು ಲಿಖಿತಾ.

"ಅವಳನ್ನ ಅನ್ಬೇಡ," ಎಂದರು ಸಾರ್. "ತಾರೀಕು ಬದಲಿಸೋ ಮುಂಚೆ ನಾನು ಎಲ್ಲ ಕಾಪಿ ಮಾಡಿಟ್ಕೋಬೇಕಿತ್ತು. ತಪ್ಪು ನಂದು. ಲಿಖಿತಾ ಪಾಸ್‌ವರ್ಡ್ ಮರೆತಿರ್ಲಿಲ್ಲ."

ಅವಳು ಕಾದಿದ್ದ ಮಾತು ಅದು. ಎಲ್ಲರ ಮುಂದೆಯೇ ಬಂದಿತ್ತು. ಆದರೆ ಯಾರೂ ಅವಳ ಕಡೆ ನೋಡಲಿಲ್ಲ. ಯಾವ ಫೋಟೊ ಯಾರ ಫೋನಿನಲ್ಲಿದೆ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು.

ನಾಳೆ ಮತ್ತೆ ನಿಲ್ಲಿಸಿ ಕೇಳಿದರೂ ಅವಳು ಸಾರಿ ಅನ್ನುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಹಾಗಿದ್ದರೂ ಸುಮನ್‌ನ ಮುಖ ನೋಡಲು ಆಗಲಿಲ್ಲ.

ಮರುದಿನ ಸಂಜೆ ನೋಟಿಸ್ ಬೋರ್ಡಿನಲ್ಲಿ ಎರಡು ಹೆಸರು ಬಂದವು. ಹೇಮಶ್ರೀ, ಲಿಖಿತಾ. ಅವಳು ತನ್ನ ಹೆಸರನ್ನು ಓದಿದಳು. ಮಿಂಚುಳ್ಳಿ ಇದ್ದಿದ್ದರೆ ಅಲ್ಲಿ ಯಾವ ಹೆಸರು ಇರುತ್ತಿತ್ತು ಎಂಬುದು ಆ ಕ್ಲಾಸಿನಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವಳು ಅದನ್ನು ಎರಡು ಸಲ ನೋಡಿದ್ದಳು.

ಅಳಿಸಿಹೋದದ್ದು ಇಪ್ಪತ್ತೆಂಟು ಪ್ರಾಜೆಕ್ಟ್. ಹತ್ತೊಂಬತ್ತು ಮತ್ತೆ ಸಿಕ್ಕವು. ಒಂಬತ್ತು ಸಿಗಲಿಲ್ಲ.