ಮೇಲಿನ ಸಾಲಿನ ಬಡಿತ

ಪ್ಲೊವ್‌ದಿವ್‌ನ ರೋಮನ್ ಕಾಲದ ಕಲ್ಲಿನ ಬಯಲು ರಂಗಮಂದಿರದ ಬಾಗಿಲಿಗೆ ನನ್ನ ಗಂಡ ಲಾಜರನ ಸಾವಿನ ಚೀಟಿ ಅಂಟಿಸಿದ ದಿನ ನಟರು ತಾಲೀಮು ನಿಲ್ಲಿಸಿದರು. ಮೂವತ್ತು ವರ್ಷ ಅವನು ತಾಲೀಮಿನ ಹೊತ್ತಿಗೆ ತೀರ ಮೇಲಿನ ಸಾಲಿನಲ್ಲಿ ಕೂತು, ನಟರ ಮಾತು ಅಲ್ಲಿಯವರೆಗೆ ಸ್ಪಷ್ಟವಾಗಿ ಕೇಳಿಸಿದರೆ ಕೋಲಿನಿಂದ ಕಲ್ಲಿಗೆ ಮೂರು ಸಲ ಬಡಿಯುತ್ತಿದ್ದ. ಆಸ್ಪತ್ರೆಯಲ್ಲಿ ಅವನು ಕಣ್ಣು ಮುಚ್ಚಿದಾಗ ನಾನಿನ್ನೂ ದಾರಿಯಲ್ಲಿದ್ದೆ. ಕೋಲನ್ನು ನಾನೇ ಅವನ ಶವಪೆಟ್ಟಿಗೆಯಲ್ಲಿಟ್ಟೆ.

ನಲವತ್ತನೆಯ ದಿನ ಮಧ್ಯಾಹ್ನ, ಅವನ ಹೆಸರಿನಲ್ಲಿ ಬೇಯಿಸಿದ ಸಿಹಿ ಗೋಧಿ ಹಂಚಲು ರಂಗಮಂದಿರಕ್ಕೆ ಹೋದೆ.

“ಅಜ್ಜಿ, ನಿಮ್ಮ ಯಜಮಾನ್ರು ನನ್ನ ಎಷ್ಟು ಗೋಳು ಹೊಯ್ಕೊಂಡ್ರು ಗೊತ್ತಾ? ಗಂಟಲು ಹರಿದ್ರೂ ಬಡೀತಿರಲಿಲ್ಲ,” ಎಂದಳು ನಟಿ ರಾದೊಸ್ತಿನಾ, ಕಣ್ಣೊರೆಸಿಕೊಳ್ಳುತ್ತ.

“ಮನೇಲೂ ಹಾಗೇ ಕಣಮ್ಮ. ನಾನು ಕರೆದ್ರೆ ಕಿವುಡು.”

ಎಲ್ಲರೂ ಊಟಕ್ಕೆ ಹೋದ ಮೇಲೆ ರಂಗದ ನಡುವೆ ನಿಂತು, ನನಗೇ ಕೇಳಿಸದಷ್ಟು ಮೆಲ್ಲಗೆ ಹೇಳಿದೆ: “ಬರೋದು ತಡವಾಯ್ತು, ಲಾಜರ್. ಕ್ಷಮಿಸು.”

ಮೇಲಿನಿಂದ ಮೂರು ಬಡಿತ ಕೇಳಿಸಿತು.

ಹತ್ತಿ ಹೋಗಿ ನೋಡಿದೆ, ಯಾರೂ ಇರಲಿಲ್ಲ. ಆಗಸ್ಟಿನ ಬಿಸಿಲಿಗೆ ಕಲ್ಲೆಲ್ಲ ಕಾದ ಹಂಚಿನಂತಿತ್ತು. ಒಬ್ಬರು ಕೂರುವಷ್ಟು ಜಾಗ ಮಾತ್ರ ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು. ಅಲ್ಲಿ ಒಂದು ಹಿಡಿ ಗೋಧಿ ಇಟ್ಟು ಇಳಿದೆ.

ದೇವರೇ, ಅವನ ತಪ್ಪುಗಳನ್ನು ಮನ್ನಿಸು. ದಣಿದ ಆ ಕಿವಿಗಳಿಗೆ ಇನ್ನು ವಿಶ್ರಾಂತಿ ಕೊಡು.